ಚಾಚಾನ ಕಾರ್ಡು

ನಾನು ಬೆಳಗಾವಿಯಲ್ಲಿ ಮನೆ, ಜಾಗ ಕೊಡಿಸುವ ಏಜೆಂಟು. ದಲ್ಲಾಳಿ ಎಂದರೂ ನನಗೆ ಸಿಟ್ಟಿಲ್ಲ. ಇಪ್ಪತ್ತಾರು ವರ್ಷ ಅದನ್ನೇ ಮಾಡಿಕೊಂಡು ಬಂದವಳಿಗೆ ಹೆಸರಿನ ನಾಚಿಕೆ ಉಳಿದಿರುವುದಿಲ್ಲ. ಆದರೆ ಕೆಲವು ವರ್ಷಗಳಿಂದ ಈ ಧಂದೆಗೆ ಅನುಭವವೊಂದೇ ಸಾಲುತ್ತಿಲ್ಲ, ಕಾರ್ಡು ಬೇಕು. ಕೊರಳಿಗೆ ನೇತುಹಾಕಿಕೊಳ್ಳುವ, ಫೋಟೋ ಇರುವ, ಒಂದೇ ವರ್ಷ ಬಾಳುವ ಪರವಾನಗಿ ಕಾರ್ಡು. ಅದು ನವೀಕರಣ ಆಗಬೇಕಾದರೆ ವರ್ಷಕ್ಕೊಂದು ದಿನ ತರಬೇತಿಗೆ ಕೂರಬೇಕು. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು ಸಹಿ ಹಾಕಬೇಕು. ಕೊನೆಗೆ ಫೋನಿನಲ್ಲಿ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಪಾಸಾಗದವರಿಗೆ ಕಾರ್ಡಿಲ್ಲ, ಕಾರ್ಡಿಲ್ಲದವರು ಗಿರಾಕಿಗೆ ಜಾಗ ತೋರಿಸುವಂತಿಲ್ಲ.

ನನಗೆ ಇದು ವರ್ಷಕ್ಕೊಂದು ದಿನದ ತಲೆನೋವು, ಅಷ್ಟೇ. ನನಗೆ ಈ ವಿದ್ಯೆ ಕಲಿಸಿದ ಚಾಚಾನಿಗೆ ಹಾಗಲ್ಲ. ಎಪ್ಪತ್ತು ದಾಟಿದ ಅವರಿಗೆ ಬೆಳಿಗ್ಗೆ ಏಳಲು ಆ ಕಾರ್ಡೇ ಕಾರಣ. ಈ ವರ್ಷ ಅದು ಅವರಿಗೆ ಸಿಗುವುದೋ ಇಲ್ಲವೋ ಎಂಬುದು ನನ್ನ ಕೈಯಲ್ಲಿತ್ತು. ಕೈಯಲ್ಲಿ ಎಂದರೆ ಖರೇನೇ ಕೈಯಲ್ಲಿ, ಬಲಗೈಯ ಹೆಬ್ಬೆರಳಿನಲ್ಲಿ.

ಚಾಚಾ ನನ್ನ ರಕ್ತಸಂಬಂಧಿಯಲ್ಲ. ನಾವು ಜೈನರು, ಅವರು ಖಾನಾಪುರದ ಮುಸ್ಲಿಮರು. ಎರಡೂ ಮನೆತನಗಳು ಈ ಸೀಮೆಗೆ ಯಾವ ಕಾಲದಲ್ಲಿ ಬಂದವೆಂದು ಕೇಳಿದರೆ ಹೇಳುವವರು ಯಾರೂ ಉಳಿದಿಲ್ಲ. ಅವರು ನನಗೆ ಸಿಕ್ಕಿದ್ದು ನೋಂದಣಿ ಕಚೇರಿಯ ಎದುರಿನ ಒಂದು ತಗಡಿನ ಶೆಡ್ಡಿನಲ್ಲಿ. ನಾನಲ್ಲಿ ಖರೀದಿ ಪತ್ರಗಳನ್ನು ಟೈಪ್ ಮಾಡುತ್ತಿದ್ದೆ. ಒಂದು ದಿನ ನಾನು ಟೈಪ್ ಮಾಡಿದ ಪತ್ರವನ್ನು ಪೂರ್ತಿ ಓದಿಸಿ ಕೇಳಿಸಿಕೊಂಡು, ನನ್ನ ಮೇಜಿನ ಎದುರು ಬಂದು ನಿಂತರು.

"ನಾಲ್ಕೂ ದಿಕ್ಕಿನ ಹದ್ದು-ಗಡಿ ಭಾಳ ಚಂದ ಬರದೀ ತಂಗಿ. ಈ ಹೊಲ ಕಣ್ಣಿಲೆ ನೋಡೀಯೇನು?"

"ಇಲ್ಲರಿ."

"ನೋಡಲಾರದ ಬರದ್ರ ಅದು ಪತ್ರ ಅಲ್ಲ, ಕತಿ."

ನನಗೆ ಸಿಟ್ಟು ಬಂತು. ಆಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು ಸಿಟ್ಟು. ಹಾಗಾದರೆ ತೋರಿಸಿರಿ ಎಂದೆ. ಮುಂದಿನ ವಾರವೇ ತೋರಿಸಿದರು. ಹರೆಯದ ಹೆಣ್ಣುಮಗಳನ್ನು ಪರಗಂಡಸು ಹೊಲ ತೋರಿಸಲು ಕರೆದೊಯ್ದರೆ ಊರಿನ ಬಾಯಿ ಮುಚ್ಚಲು ಆಗುವುದಿಲ್ಲವೆಂದು ತಮ್ಮ ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದರು. ಮೊದಲ ಆರು ತಿಂಗಳು ನಾವು ನೋಡಿದ ಹೊಲ, ಮನೆ, ಖುಲ್ಲಾ ಜಾಗಗಳನ್ನೆಲ್ಲ ಚಾಚಿಯೂ ನೋಡಿದರು. ಹಾಗೆ ನೋಡಿದರೆ ಚಾಚಿಯೂ ಅರ್ಧ ದಲ್ಲಾಳಿಯೇ.

ಚಾಚಾನ ತಂದೆ ದನದ ಪೇಟೆಯಲ್ಲಿ ದಲ್ಲಾಳಿಯಾಗಿದ್ದವರು. ಆ ಪೇಟೆಯ ಎರಡು ಪದ್ಧತಿಗಳನ್ನು ಚಾಚಾ ಜಾಗದ ವ್ಯಾಪಾರಕ್ಕೂ ತಂದರು. ಒಂದು, ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಇನ್ನೊಂದು, ದರಕ್ಕಿಂತ ಮೊದಲು ಐಬು ಹೇಳುವುದು. ಎತ್ತು ಒದೆಯುತ್ತದೆಯೇ, ಹಲ್ಲು ಸವೆದಿದೆಯೇ, ಮೈಮೇಲೆ ಕೆಟ್ಟ ಸುಳಿ ಇದೆಯೇ, ಕೊಳ್ಳುವವನು ಕೇಳುವ ಮೊದಲೇ ದಲ್ಲಾಳಿ ಹೇಳಬೇಕು. ಚಾಚಾ ಮನೆ ತೋರಿಸುವಾಗಲೂ ಹೀಗೆಯೇ. ಬಾಗಿಲು ತೆಗೆದ ಕೂಡಲೇ, "ಅಡಗಿಮನಿ ಗ್ವಾಡಿ ಹಸಿ ಹಿಡೀತೈತಿ, ಬಾವ್ಯಾಗ ಏಪ್ರಿಲ್‌ಕ್ಕ ನೀರ ಇರೂದಿಲ್ಲ, ಈಗ ಒಳಗ ಬರ್ರಿ" ಎನ್ನುವವರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಮನೆ ಮಾರುವುದಕ್ಕೂ ಅದೇ ಮಾತು ಎಂದು ನಾನು ತಿಳಿದಿದ್ದೆ. ಚಾಚಾನ ಮಾತಿಗೆ ಅರ್ಧ ಜನ ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ಒಳಗೆ ಬಂದ ಉಳಿದರ್ಧ ಜನ ಮುಂದೆ ತಮ್ಮ ತಮ್ಮಂದಿರನ್ನು, ಬೀಗರನ್ನು ನಮ್ಮ ಬಳಿಗೇ ಕಳಿಸಿದರು. ಟಿಳಕವಾಡಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲಿ ನಾವೊಂದು ಸಣ್ಣ ಆಫೀಸು ಮಾಡಿದ್ದು ಅವರಿಂದಲೇ.

ಇನ್ನೊಂದು ಅವರದೇ ರೂಢಿ ಇತ್ತು. ಖುಲ್ಲಾ ಜಾಗವನ್ನು ಅವರು ತೋರಿಸುತ್ತಿದ್ದುದು ಮುಂಜಾನೆ ಮಾತ್ರ. ನಕ್ಷೆ ನೋಡುತ್ತಿರಲಿಲ್ಲ. ಮುಖಕ್ಕೆ ಬಿಸಿಲು ಬೀಳುವಂತೆ ನಿಲ್ಲುವುದು, ಹಾಗೆ ನಿಂತರೆ ಎದುರಿಗೆ ಪೂರ್ವ, ಬಲಗೈಗೆ ದಕ್ಷಿಣ. ಆಮೇಲೆ ಬಲಗೈಯಿಂದ ಒಂದು, ಎರಡು, ಮೂರು ಎಂದು ಪ್ಲಾಟುಗಳನ್ನು ಎಣಿಸುವುದು. ಮೋಜಣಿಯವರು ಸರಪಳಿ ತಂದು ಅಳೆದಾಗಲೂ ಚಾಚಾ ತೋರಿಸಿದ ಗುರುತು ಒಂದು ಗೇಣು ಆಚೀಚೆ ಆದದ್ದನ್ನು ನಾನು ಕಂಡಿರಲಿಲ್ಲ.

ಮರೆವು ಯಾವಾಗ ಶುರುವಾಯಿತು ಎಂದು ಹೇಳಲಾರೆ. ಯಾಕೆಂದರೆ ನಾನು ಅದನ್ನು ನೋಡಲು ತಯಾರಿರಲಿಲ್ಲ. ಬಾಡಿಗೆ ಮನೆಯ ಕೀಲಿಕೈ ಎಲ್ಲಿಟ್ಟರೆಂದು ಗೊತ್ತಾಗುತ್ತಿರಲಿಲ್ಲ. ಅದು ಯಾರಿಗಾದರೂ ಆಗುತ್ತದೆ. ಒಮ್ಮೆ, ಎರಡು ತಿಂಗಳ ಹಿಂದೆ ನಾವೇ ಬಾಡಿಗೆಗೆ ಕೊಡಿಸಿದ್ದ ಮನೆಗೆ ಹೊಸ ಗಿರಾಕಿಯನ್ನು ಕರೆದೊಯ್ದು ಬೆಲ್ ಒತ್ತಿದರು. ಒಳಗಿನವರು ಊಟಕ್ಕೆ ಕೂತಿದ್ದರಂತೆ. ಅದನ್ನು ನಾನು ಆಫೀಸಿನಲ್ಲಿ ನಕ್ಕು ತೇಲಿಸಿದೆ. ಇನ್ನೊಮ್ಮೆ, ದಿನವೂ ಖಾನಾಪುರದಿಂದ ಬರುವ ಅದೇ ರೈಲಿನಿಂದ ನಡುವೆ ದೇಸೂರಿನಲ್ಲಿ ಇಳಿದು, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರು. ಅವರ ಫೋನು ತೆಗೆದುಕೊಂಡು ಸ್ಟೇಷನ್ನಿನವರು ನನಗೆ ಕರೆ ಮಾಡಿದರು. ಹೋಗಿ ಕರೆತಂದೆ. ದಾರಿಯಲ್ಲಿ ಚಾಚಾ, "ಚಾಚಿಗೆ ಹೇಳಬ್ಯಾಡ" ಎಂದರು. ಚಾಚಿ ಮರುದಿನ ನನಗೆ ಫೋನು ಮಾಡಿ, "ಅವರಿಗೆ ಹಿಂಗ ಆಗಾಕತ್ತೈತಿ ಅಂತ ಆಫೀಸನ್ಯಾಗ ಯಾರ ಮುಂದೂ ಹೇಳಬ್ಯಾಡ" ಎಂದರು. ಹೀಗೆ ಮೂವರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟೆವು.

ಹೋದ ವರ್ಷದ ತರಬೇತಿಯಲ್ಲಿ ಪರೀಕ್ಷೆ ಶುರುವಾದಾಗ ಚಾಚಾ ತಮ್ಮ ಫೋನನ್ನು ನೋಡುತ್ತ ಕೂತಿದ್ದರು. ಮೊದಲ ಪ್ರಶ್ನೆಯನ್ನು ಮೂರು ಸಲ ಓದಿದರು. ತುಟಿ ಅಲುಗುತ್ತಿತ್ತು, ಬೆರಳು ಅಲುಗುತ್ತಿರಲಿಲ್ಲ. "ಚಷ್ಮಾ ಸರಿ ಇಲ್ಲೇನ್ರಿ ಚಾಚಾ, ಇತ್ಲಾಗ ಕೊಡ್ರಿ" ಎಂದು ಫೋನು ಕಸಿದುಕೊಂಡೆ. ನನ್ನದನ್ನೂ ಅವರದನ್ನೂ ಮಡಿಲಲ್ಲಿಟ್ಟುಕೊಂಡು ಇಪ್ಪತ್ತೂ ಉತ್ತರ ಎರಡೆರಡು ಸಲ ಒತ್ತಿದೆ. ಅವರು ಚಹಾ ಕುಡಿಯುತ್ತ ಕಿಟಕಿಯಾಚೆ ನೋಡುತ್ತಿದ್ದರು. ಇಬ್ಬರಿಗೂ ಒಂದೇ ಅಂಕ ಬಂತು. ಚಾಚಾ ಆ ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದರು. ನನಗೆ ಅಂದು ಪಾಪ ಮಾಡಿದೆನೆಂದು ಅನ್ನಿಸಲೇ ಇಲ್ಲ. ಗುರುವಿಗೆ ಮಾಡಿದ ಸೇವೆ ಎಂದು ತಿಳಿದು ಹಿಗ್ಗಿದ್ದೆ.

ಆ ಕಾರ್ಡು ಕೊರಳಲ್ಲಿದ್ದುದರಿಂದಲೇ ಮುಂದಿನದು ನಡೆಯಿತು. ಖಾನಾಪುರದ ಹೊರಗೆ ಒಂದು ಹೊಲ ಒಡೆದು ಒಂಬತ್ತು ಪ್ಲಾಟು ಮಾಡಿದ್ದರು. ದಕ್ಷಿಣದಿಂದ ಉತ್ತರಕ್ಕೆ ಒಂದೇ ಸಾಲು. ದಕ್ಷಿಣದ ತುದಿಗೆ ಹಳ್ಳ, ಅಲ್ಲಿ ತಗ್ಗು. ಉತ್ತರದ ಕಡೆ ಏರು, ಅಲ್ಲೊಂದು ಹಲಸಿನ ಮರ. ಮಾರಾಟಕ್ಕಿದ್ದದ್ದು ಹಳ್ಳದ ಕಡೆಯಿಂದ ಎರಡನೆಯ ಪ್ಲಾಟು. ಕೊಳ್ಳಲು ಬಂದವರು ಗಂಡ ಹೆಂಡತಿ. ಗಂಡ ಲೋಂಡಾ ಸ್ಟೇಷನ್ನಿನಲ್ಲಿ ರೈಲ್ವೆ ನೌಕರ, ಹೆಂಡತಿ ಖಾನಾಪುರದಲ್ಲಿ ಅಂಗನವಾಡಿ ನಡೆಸುವವಳು. ಗಂಡನ ಡ್ಯೂಟಿಯಿಂದಾಗಿ ಅವರಿಗೆ ಸಂಜೆ ಮಾತ್ರ ಬಿಡುವು. ನನಗೆ ಆ ಸಂಜೆ ಟಿಳಕವಾಡಿಯಲ್ಲಿ ಬೇರೊಂದು ಮನೆ ತೋರಿಸುವುದಿತ್ತು. ಚಾಚಾ ಒಬ್ಬರೇ ಹೋಗಲಿ, ಅವರದೇ ಊರು, ಕಾರ್ಡೂ ಇದೆ ಎಂದು ಬಿಟ್ಟೆ.

ಚಾಚಾ ಜೀವಮಾನದ ರೂಢಿಯಂತೆ ಮುಖಕ್ಕೆ ಬಿಸಿಲು ಬೀಳುವಂತೆ ನಿಂತರು. ಅದು ಮುಳುಗುವ ಸೂರ್ಯನ ಬಿಸಿಲು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಬಲಗೈಗೆ ದಕ್ಷಿಣದ ಬದಲು ಉತ್ತರ ಬಂತು. ಬಲಗೈಯಿಂದ ಒಂದು, ಎರಡು ಎಣಿಸಿ, ಏರಿನ ಮೇಲಿನ, ಹಲಸಿನ ಮರದ ಪಕ್ಕದ ಪ್ಲಾಟನ್ನು ತೋರಿಸಿದರು. ದರಕ್ಕಿಂತ ಮೊದಲು ಐಬನ್ನೂ ಹೇಳಿದರು. "ಮಳಿಗಾಲದಾಗ ಹಳ್ಳದ ನೀರು ಬಾಗಲಾ ಮಟಾ ಬರತೈತಿ, ವಿಚಾರ ಮಾಡ್ರಿ" ಎಂದರಂತೆ. ಎತ್ತರದಲ್ಲಿ ನಿಂತಿದ್ದ ಗಂಡ ಹೆಂಡತಿ ದೂರದ ಹಳ್ಳವನ್ನು ನೋಡಿ ನಕ್ಕರಂತೆ. ಇಷ್ಟು ಎತ್ತರಕ್ಕೆ ನೀರು ಬಂದರೆ ಖಾನಾಪುರವೇ ಉಳಿಯುವುದಿಲ್ಲ, ಮುದುಕ ಅತಿ ಪ್ರಾಮಾಣಿಕ ಎಂದುಕೊಂಡು ಒಪ್ಪಿದರು. ಪತ್ರ ಬರೆಸಿದವಳು ನಾನು. ದಾಖಲೆ ನೋಡಿ ಹಳ್ಳದ ಕಡೆಯ ಪ್ಲಾಟಿನ ನಂಬರು, ಅದರ ನಾಲ್ಕು ಹದ್ದು ಸರಿಯಾಗಿಯೇ ಬರೆಸಿದೆ. ಕಣ್ಣಿನಿಂದ ನೋಡದೆ ಬರೆಸಿದೆ.

ಪಾಯ ತೋಡುವ ಮೊದಲು ಅಳೆಯಲು ಮೋಜಣಿಯವರು ಬಂದ ದಿನ ವಿಷಯ ಹೊರಬಿತ್ತು. ನಾನು ಓಡಿದೆ. ಹೆಂಡತಿ ತಗ್ಗಿನಲ್ಲಿ ನಿಂತು ಮೇಲೆ ಹಲಸಿನ ಮರದ ಕಡೆ ನೋಡುತ್ತಿದ್ದಳು. "ಅಜ್ಜಾರು ತೋರಿಸಿದ್ದು ಅದು ರೀ" ಎಂದಳು, ಜಗಳವಾಡುವ ದನಿಯಲ್ಲೂ ಅಲ್ಲ. ಆ ಮೇಲಿನ ಪ್ಲಾಟಿಗೆ ಬೇರೆ ಮಾಲೀಕರಿದ್ದರು, ಅವರು ಬಿಟ್ಟುಕೊಡಲಿಲ್ಲ. ಆಗ ನಾನು ಆ ಹೆಂಗಸಿನ ಮುಖ ನೋಡುತ್ತ, ಗುರುತಿನ ಕಲ್ಲನ್ನು ಯಾರೋ ಸರಿಸಿರಬೇಕು, ನಮ್ಮ ಕೈಮೀರಿದ್ದು ಎಂದೆ. ಚಾಚಾನ ಹೆಸರು ಕೆಡಬಾರದೆಂದು ಹೇಳಿದ್ದು. ನನ್ನ ಹೆಸರೂ ಕೆಡಬಾರದಿತ್ತು, ಅದನ್ನು ಯಾಕೆ ಬಿಡಲಿ. ಅವರು ತಗ್ಗಿಗೆ ಮಣ್ಣು ತುಂಬಿಸಿ ಅಲ್ಲಿಯೇ ಮನೆ ಕಟ್ಟಿಕೊಂಡರು. ಮೊದಲ ಮಳೆಗಾಲಕ್ಕೆ ನೀರು ಎರಡನೆಯ ಮೆಟ್ಟಿಲಿಗೆ ಬಂತೆಂದು ಕೇಳಿದೆ. ಚಾಚಾನಿಗೆ ನಾನು ಯಾವುದನ್ನೂ ಹೇಳಲಿಲ್ಲ.

ಈ ವರ್ಷದ ತರಬೇತಿಗೆ ಎರಡು ದಿನ ಇರುವಾಗ ಚಾಚಿ ಫೋನು ಮಾಡಿದರು. "ಅಂಗಿ ಇಸ್ತ್ರಿ ಮಾಡಿಸಿ ಇಟ್ಟಾರ. ದಿನಾ ತಾರೀಖ ಕೇಳತಾರ. ಆ ಕಾರ್ಡ್ ಇಲ್ಲಂದ್ರ ಅವರು ಹಾಸಗಿ ಬಿಟ್ಟು ಏಳೂದಿಲ್ಲವಾ. ಇದೊಂದು ವರ್ಷ ಹೆಂಗರ ಮಾಡಿ ಕೊಡಸು." ಹೆಂಗಾದರೂ ಎಂದರೆ ಹೇಗೆಂದು ಚಾಚಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗಲಿ ಎಂದು ಮಾತು ಕೊಟ್ಟೆ. ಜಾಗ ತೋರಿಸಲು ಇನ್ನು ಅವರನ್ನು ಒಬ್ಬರನ್ನೇ ಕಳಿಸದಿದ್ದರಾಯಿತು, ಕಾರ್ಡು ಇರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತರಬೇತಿ ಇದ್ದದ್ದು ಸದಾಶಿವನಗರದ ಒಂದು ಮಹಡಿ ಹಾಲಿನಲ್ಲಿ. ಕಲಿಸಲು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆಯ ಹುಡುಗಿ, ಚುರುಕು. ಗಿರಾಕಿಯ ನಂಬಿಕೆ ಗಳಿಸಲು ಏಳು ಮೆಟ್ಟಿಲು ಎಂದು ಪರದೆಯ ಮೇಲೆ ಏಳು ಬಣ್ಣದಲ್ಲಿ ತೋರಿಸಿದಳು. ಐಬು ಹೇಳುವುದು ಐದನೆಯ ಮೆಟ್ಟಿಲಿನಲ್ಲಿ ಬಂತು. ಚಾಚಾ ಮುಂದಿನ ಸಾಲಿನಲ್ಲಿ, ಮಡಚಿದ ಟವೆಲ್ಲು ಹೆಗಲ ಮೇಲೆ, ಹಳೆಯ ಕಾರ್ಡು ಕೊರಳಲ್ಲಿ, ಕೈಕಟ್ಟಿ ಕೂತಿದ್ದರು. ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಉಪ್ಪಿಟ್ಟು ತಿನ್ನುವಾಗ ನನಗೆ, "ಹುಡಿಗಿ ಚಲೋ ಹೇಳತೈತಿ. ಆದ್ರ ಒಂದರ ಎತ್ತು ಮಾರೇತೋ ಇಲ್ಲೋ" ಎಂದರು. ಆಗ ಅವರು ಪೂರ್ತಿ ಅವರೇ ಆಗಿದ್ದರು. ನನಗೆ ಎಷ್ಟೋ ಧೈರ್ಯ ಬಂತು.

ಊಟವಾದ ಮೇಲೆ ಆ ಹುಡುಗಿ ಒಂದು ಆಟ ಆಡಿಸಿದಳು. ಒಬ್ಬರು ಜಾಗದ ಮಾಲೀಕರಾಗಬೇಕು, ಒಬ್ಬರು ಏಜೆಂಟರಾಗಬೇಕು, ಎಲ್ಲರೆದುರು ಮಾತುಕತೆ ನಡೆಸಿ ದರ ಕುದುರಿಸಬೇಕು. ಮಾಲೀಕನಾಗಲು ಹುಬ್ಬಳ್ಳಿ ಕಡೆಯ ಒಬ್ಬ ಏಜೆಂಟು ಎದ್ದ. ಏಜೆಂಟು ಯಾರು ಎಂದಾಗ ಎಲ್ಲರೂ, "ನಮ್ಮ ಚಾಚಾ, ನಮ್ಮ ಚಾಚಾ" ಎಂದರು. ಚಾಚಾ ನಾಚಿಕೊಳ್ಳುತ್ತ ಎದ್ದು ಹೋದರು.

ಅಲ್ಲಿ ನಿಂತ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. ಟವೆಲ್ಲು ತೆಗೆದು ಎದುರಿನವನ ಕೈಮೇಲೆ ಹಾಸಿದರು. ಹಾಲಿನಲ್ಲಿ ಸಿಳ್ಳೆ ಬಿತ್ತು. ಎಷ್ಟೋ ಜನ ಆ ಪದ್ಧತಿಯನ್ನು ಹಿರಿಯರ ಬಾಯಲ್ಲಿ ಕೇಳಿದ್ದರೇ ಹೊರತು ಕಂಡಿರಲಿಲ್ಲ, ಫೋನು ಹಿಡಿದು ವೀಡಿಯೊ ಮಾಡತೊಡಗಿದರು. ಚಾಚಾ ಬೆರಳು ಹಿಡಿದು, ಕಣ್ಣು ಅರೆಮುಚ್ಚಿ, "ಇಷ್ಟು. ಇಲ್ಲಾ? ಹಂಗಾರ ಇಷ್ಟು" ಎಂದರು. ಹುಬ್ಬಳ್ಳಿಯವನು ನಗುತ್ತ ತಲೆಯಾಡಿಸಿದ. ಆಗ ಚಾಚಾ ದನಿ ತಗ್ಗಿಸಿ ಹೇಳಿದರು:

"ದರದ ಮಾತು ಆಮ್ಯಾಲ ಆಗಲಿ. ನಿಮ್ಮ ಅವ್ವ ಹೊರಗ ಗಾಡ್ಯಾಗ ಕುಂತಾಳ. ಬಿಸಲಾಗ ಎಷ್ಟೊತ್ತ ಕುಂದರಸ್ತಿ? ಹೊಲದಾಗ ಆಕೀ ಪಾಲು ಐತಿ. ಆಕೀ ಹೆಬ್ಬಟ್ಟ ಬೀಳಲಾರದ ನಾ ಈ ವ್ಯವಹಾರಕ್ಕ ಕೈ ಹಾಕೂದಿಲ್ಲ."

ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. ತರಬೇತಿಯ ಹುಡುಗಿ, "ನೋಡಿ ಸರ್, ಪಾತ್ರದ ಒಳಗೆ ಹೋಗೋದು ಅಂದ್ರೆ ಇದು" ಎಂದಳು. ಅದು ಪಾತ್ರವಾಗಿರಲಿಲ್ಲ, ಹಿಂದೆ ಖರೇನೇ ನಡೆದ ವ್ಯವಹಾರ. ಆ ಹೊಲದ ಪತ್ರವನ್ನು ಟೈಪ್ ಮಾಡಿದವಳು ನಾನು, ತಗಡಿನ ಶೆಡ್ಡಿನಲ್ಲಿದ್ದಾಗ. ಆ ಹೊಲದ ಮಾಲೀಕ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಅವನ ತಾಯಿ ಅವನಿಗಿಂತ ಎಷ್ಟೋ ಮೊದಲೇ ಹೋದಳು. ಅವಳ ಪಾಲನ್ನು ನುಂಗಲು ನೋಡಿದ ಮಗನನ್ನು ಅಂದು ತಡೆದದ್ದು ಚಾಚಾ, ಗಾಡಿಯಲ್ಲಿ ಕೂತ ಮುದುಕಿಯನ್ನು ತಾವೇ ಹೋಗಿ ಕೈಹಿಡಿದು ಇಳಿಸಿಕೊಂಡು ಬಂದಿದ್ದರು.

ಚಪ್ಪಾಳೆ ನಿಂತರೂ ಚಾಚಾ ನಿಲ್ಲಲಿಲ್ಲ. ಎದುರಿನವನು ಅಲುಗಲಿಲ್ಲವೆಂದು ಕಂಡು, ಬೇಸರದಿಂದ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಆ ಮುದುಕಿಯನ್ನು ಕರೆಯಲು ಬಾಗಿಲ ಕಡೆ ನಡೆದರು. ಜನ ಇನ್ನೂ ನಗುತ್ತಿದ್ದರು. ಮೆಟ್ಟಿಲಿನವರೆಗೆ ಹೋಗಿ ಕೆಳಗೆ ರಸ್ತೆ ನೋಡುತ್ತ ನಿಂತವರನ್ನು ನಾನು ಹೋಗಿ ಮೊಣಕೈ ಹಿಡಿದು ಕರೆತಂದೆ. "ಗಾಡಿ ಎಲ್ಲಿ ಹೋತು?" ಎಂದರು. ಹೋಯಿತು ಚಾಚಾ ಎಂದೆ. ಆ ನಗುವ ಜನರ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಪಾಪ, ಅವರಿಗೇನು ಗೊತ್ತು. ಗೊತ್ತಿದ್ದವಳು ನಾನೊಬ್ಬಳೇ.

ಪರೀಕ್ಷೆ ಶುರುವಾಯಿತು. ಚಾಚಾ ನನ್ನ ಕಡೆ ನೋಡದೆ ತಮ್ಮ ಫೋನನ್ನು ಬೆಂಚಿನ ಮೇಲೆ ನನ್ನ ಕಡೆ ಸರಿಸಿದರು. ನನ್ನ ಇಪ್ಪತ್ತು ಉತ್ತರ ಮುಗಿಸಿದೆ. ಅವರ ಫೋನು ಕೈಗೆ ತೆಗೆದುಕೊಂಡೆ. ಗಿರಾಕಿಗೆ ಸ್ಥಳ ತೋರಿಸುವಾಗ ಏಜೆಂಟರ ಮೊದಲ ಹೊಣೆ ಯಾವುದು ಎಂಬುದು ಮೊದಲ ಪ್ರಶ್ನೆ. ಕೆಳಗೆ ನಾಲ್ಕು ಉತ್ತರ. ಅವುಗಳಲ್ಲಿ ಯಾವುದು ಸರಿ ಎಂಬುದು ಹಾಲಿನಲ್ಲಿ ಕೂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು. ನನಗೆ ಆ ತಗ್ಗಿನಲ್ಲಿ ನಿಂತು ಮೇಲೆ ನೋಡುತ್ತಿದ್ದ ಹೆಂಗಸು ಕಂಡಳು. ಚಾಚಿಗೆ ಕೊಟ್ಟ ಮಾತೂ ನೆನಪಾಯಿತು. ಹೆಬ್ಬೆರಳು ಗಾಜಿನ ಮೇಲೆ ಇಡಲಾಗಲಿಲ್ಲ. ಒತ್ತುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಫೋನನ್ನು ಹಿಡಿದುಕೊಂಡು, ಒತ್ತುವವಳಂತೆ ತಲೆ ಬಗ್ಗಿಸಿ, ಸಮಯ ಮುಗಿಯುವವರೆಗೆ ಸುಮ್ಮನೆ ಕೂತೆ. ಪರದೆಯ ಮೇಲೆ ಸೊನ್ನೆ ಬಂತು. ಫೋನನ್ನು ಮಗುಚಿ ಅವರ ಜೇಬಿಗೆ ಹಾಕಿದೆ. ನನ್ನಷ್ಟು ಹೇಡಿ ಆ ಹಾಲಿನಲ್ಲಿ ಇನ್ನೊಬ್ಬರಿರಲಿಲ್ಲ.

ಅವರನ್ನು ಒಬ್ಬರನ್ನೇ ಕಳಿಸಲಾಗದೆ ಸಂಜೆಯ ರೈಲಿನಲ್ಲಿ ನಾನೂ ಖಾನಾಪುರಕ್ಕೆ ಹೊರಟೆ. ಕಿಟಕಿಯ ಗಾಳಿಗೆ ಚಾಚಾ ಮತ್ತೆ ತಮ್ಮ ಸ್ಥಿತಿಗೆ ಬಂದಿದ್ದರು. ಹಾಗೆ ಆಗುತ್ತಿತ್ತು, ಬರುತ್ತಿದ್ದರು, ಹೋಗುತ್ತಿದ್ದರು. ದೇಸೂರು ದಾಟಿದ ಮೇಲೆ ಕೇಳಿದರು.

"ಕಾರ್ಡ್ ಯಾವಾಗ ಬರತೈತಿ?"

"ಬರೂದಿಲ್ಲ ಚಾಚಾ. ನಾ ಒತ್ತಲಿಲ್ಲ."

ಎದುರಿನ ಸೀಟಿನ ಮರಾಠಿ ಮಾತಾಡುವ ಹೆಂಗಸು ನಮ್ಮಿಬ್ಬರಿಗೂ ಶೇಂಗಾ ಕೊಟ್ಟಳು. ಚಾಚಾ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದರು. ಆಮೇಲೆ, ಯಾಕೆ ಒತ್ತಲಿಲ್ಲ ಎಂದು ಕೇಳುತ್ತಾರೆಂದು ನಾನು ಕಾಯುತ್ತಿದ್ದರೆ, ಅವರು ಕೇಳಿದ್ದೇ ಬೇರೆ.

"ನಾ ಯಾರಿಗರ ತಪ್ಪ ಜಾಗಾ ತೋರಿಸೇನೇನು?"

ಐವತ್ತು ವರ್ಷ ಈ ಕೆಲಸ ಮಾಡಿದವರಿಗೆ ಇನ್ನೇನು ಹೊಳೆಯಬೇಕು. ನಾನು ಎಲ್ಲ ಹೇಳಿದೆ. ಸಂಜೆಯ ಬಿಸಿಲು, ಬಲಗೈ, ಹಲಸಿನ ಮರ, ಮೆಟ್ಟಿಲಿಗೆ ಬಂದ ನೀರು, ಕಲ್ಲು ಸರಿದಿದೆ ಎಂಬ ನನ್ನ ಸುಳ್ಳು. ಹೋದ ವರ್ಷ ನಾನೇ ಒತ್ತಿದ ಇಪ್ಪತ್ತು ಉತ್ತರ. ಅವರು ಚಷ್ಮಾ ತೆಗೆದು ಟವೆಲ್ಲಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕೊರಳಿನ ಕಾರ್ಡನ್ನು ಬಿಚ್ಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

"ನನ್ನ ಐಬು ನೀ ಮೊದಲ ಹೇಳಬೇಕಾಗಿತ್ತು ತಂಗಿ," ಎಂದರು. "ನನಗ ಹೇಳದಿದ್ರ ಹೋಗಲಿ, ಅವರಿಗೆ ಹೇಳಬೇಕಾಗಿತ್ತು."

ನನಗೆ ಅತ್ತುಬಿಡಬೇಕೆನ್ನಿಸಿತು. ರೈಲಿನಲ್ಲಿ ಅಷ್ಟು ಜನರೆದುರು ಅಳಲಿಲ್ಲ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಬೈದದ್ದೇ ಇಲ್ಲ, ಅಂದೂ ಬೈಯಲಿಲ್ಲ.

"ಇಳದ ಕೂಡಲೇ ಅವರ ಮನಿಗೆ ಹೋಗೂಣು," ಎಂದರು. "ನಾ ಹೋಗಿ ಹೇಳಬೇಕು. ತಪ್ಪ ನಂದು."

ಖಾನಾಪುರದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ರಿಕ್ಷಾದಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದರು, ಆ ಹೆಂಗಸಿಗೆ ಆಡಬೇಕಾದ ಮಾತುಗಳನ್ನು ಜೋಡಿಸುತ್ತಿದ್ದರೆಂದು ಕಾಣುತ್ತದೆ. ಮನೆ ಸಣ್ಣದು, ಹಸಿರು ಬಣ್ಣ. ಮೂರನೆಯ ಮೆಟ್ಟಿಲಿನ ಕೆಳಗೆ ಗೋಡೆಯ ಮೇಲೆ ನೀರು ನಿಂತ ಗೆರೆ ಇತ್ತು. ಗಂಡ ಲೋಂಡಾದಲ್ಲಿ ಡ್ಯೂಟಿ ಮೇಲಿದ್ದ. ಹೆಂಡತಿ ನಮ್ಮನ್ನು ಕಂಡು ಒಂದು ಕ್ಷಣ ತಡೆದಳು, ಆಮೇಲೆ, "ಬರ್ರಿ, ಕುಂದರ್ರಿ" ಎಂದಳು. ಕೇಳದೆ ಚಹಾ ಇಟ್ಟಳು.

ನಾನು ಚಾಚಾನ ಮುಖ ನೋಡಿದೆ. ಅವರು ಕುರ್ಚಿಯಲ್ಲಿ ಆರಾಮಾಗಿ ಕೂತು ಸುತ್ತ ನೋಡುತ್ತಿದ್ದರು. ಗೋಡೆ ನೋಡಿದರು, ಕಿಟಕಿಯ ಚೌಕಟ್ಟು ಮುಟ್ಟಿ ನೋಡಿದರು. "ಸಾಗವಾನಿ ಚಲೋ ಐತಿ" ಎಂದರು. ಚಹಾ ಬಂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದರು. ಉಸುಕಿನ ದರ ಏರಿದ್ದರ ಬಗ್ಗೆ ಆ ಹೆಂಗಸಿನ ಕೂಡ ಎರಡು ಮಾತಾಡಿದರು. ನಾನು ಕಾದೆ. ಈಗ ಹೇಳಿಯಾರು, ಇನ್ನೇನು ಹೇಳಿಯಾರು ಎಂದು ಕಾದೆ. ಅವರ ಕಣ್ಣಿನಲ್ಲಿ ಯಾವ ಭಾರವೂ ಉಳಿದಿರಲಿಲ್ಲ. ರೈಲಿನಿಂದ ಈ ಕುರ್ಚಿಯವರೆಗೆ ಬರುವಷ್ಟರಲ್ಲಿ ಆ ಮಾತು ಎಲ್ಲಿಯೋ ಬಿದ್ದುಹೋಗಿತ್ತು.

ಹಾಗಾಗಿ ನಾನೇ ಹೇಳಿದೆ. ಕಲ್ಲು ಯಾರೂ ಸರಿಸಿರಲಿಲ್ಲ, ಅಂದು ನಾನು ಆಡಿದ್ದು ಸುಳ್ಳು ಎಂದೆ. ಇವರಿಗೆ ಮರೆವು ಶುರುವಾಗಿದೆಯೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಇವರ ಪರೀಕ್ಷೆಯನ್ನು ನಾನು ಬರೆದೆ, ಗೊತ್ತಿದ್ದೂ ನಿಮ್ಮ ಜೊತೆ ಇವರೊಬ್ಬರನ್ನೇ ಕಳಿಸಿದೆ, ಕಣ್ಣಿನಿಂದ ನೋಡದೆ ಪತ್ರ ಬರೆಸಿದೆ ಎಂದೆ. ಇದರಲ್ಲಿ ಇವರದೇನೂ ತಪ್ಪಿಲ್ಲ, ಎಲ್ಲ ನನ್ನದು ಎಂದೆ. ಆ ಹೆಂಗಸು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಒಂದು ಸಲ ಬಾಗಿಲಾಚೆ ಏರಿನ ಕಡೆ ನೋಡಿದಳು.

ಚಾಚಾ ಬಸಿಯನ್ನು ಕೆಳಗಿಟ್ಟರು. ನನ್ನ ದನಿ ನಡುಗಿದ್ದು ಅವರಿಗೆ ಕೇಳಿಸಿತ್ತು. ಅಷ್ಟು ಮಾತ್ರ ತಿಳಿದಿತ್ತು, ಈ ಹುಡುಗಿ ಏನೋ ತಪ್ಪು ಮಾಡಿ ಗಿರಾಕಿಯ ಮುಂದೆ ಸಿಕ್ಕಿಬಿದ್ದಿದ್ದಾಳೆ ಎಂದು.

"ಅಕ್ಕಾರ, ಆಕಿಗೆ ಏನೂ ಅನಬ್ಯಾಡ್ರಿ," ಎಂದರು. "ಆಕಿ ಹೊಸಬಳು ಅದಾಳ. ಮೊನ್ನೆರ ಟೈಪಿಂಗ್ ಬಿಟ್ಟು ನನ್ನ ಕೂಡ ಬಂದಾಳ. ಇನ್ನೂ ಕಲಸಾಕತ್ತೇನಿ. ಏನರ ಹೆಚ್ಚುಕಮ್ಮಿ ಆಗಿದ್ರ ನನ್ನ ಹೆಸರಲೆ ಬರಕೋರಿ. ನಾಳೆ ನಾನ ಬಂದು ಸರಿ ಮಾಡಿ ಕೊಡತೇನಿ."

ಆ ಹೆಂಗಸು ನನ್ನ ಕಡೆ ನೋಡಲಿಲ್ಲ.

"ಆಗಲಿರಿ ಅಜ್ಜಾರ, ನಾಳೆ ಬರ್ರಿ," ಎಂದಳು, ಅವರ ಬಸಿಗೆ ಇನ್ನಷ್ಟು ಚಹಾ ಹಾಕಿದಳು.